ಕಾಲುವೆಗೆ ಅಡ್ಡವಿಟ್ಟ ವಿಮಾನದ ಬಾಗಿಲು

ಸರ್ವೆ ಇಲಾಖೆಗೆ ಹೊಸದಾಗಿ ಸೇರುವ ಹುಡುಗರಿಗೆ ಹಳಬರು ತಮ್ಮ ಅನುಭವ ಬರೆದು ಕೊಡಬೇಕು ಎಂದು ಆಫೀಸಿನವರು ಕೇಳಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಇನ್ನೊಂದು ಕಾರಣವೂ ಇದೆ. ನಮ್ಮೂರಿನಲ್ಲಿ ನನ್ನ ಅಣ್ಣ ಬೋರಯ್ಯನನ್ನು ಜನ ಇವತ್ತಿಗೂ ವಿಮಾನ ಕಳ್ಳ ಎಂದು ಕರೆಯುತ್ತಾರೆ. ಆ ಹೆಸರು ಅವನಿಗೆ ಬರಬೇಕಾದದ್ದಲ್ಲ. ಅದು ಯಾರಿಂದ ಬಂತು ಎಂಬುದನ್ನು ಹೇಳದೆ ನನ್ನ ಅನುಭವ ಬರೆದರೆ ಅದು ಅರ್ಧ ಅಳತೆಯಾಗುತ್ತದೆ.

ನಾನು ಬಾಂದು ಜವಾನನಾಗಿದ್ದವನು. ಜಮೀನು ಅಳೆಯುವಾಗ ಸರಪಳಿ ಎಳೆಯುವುದು, ಬಾವುಟ ಹಿಡಿದು ನಿಲ್ಲುವುದು, ಮಣ್ಣಿನಲ್ಲಿ ಹೂತುಹೋದ ಗಡಿಯ ಕಲ್ಲನ್ನು ಹುಡುಕಿ ತೆಗೆಯುವುದು ನನ್ನ ಕೆಲಸ. ಸರ್ವೆಯರ್ ಸಾಹೇಬರು ಪುಸ್ತಕದಲ್ಲಿ ಬರೆಯುವ ಅಂಕಿ ಮೊದಲು ಬಾಂದು ಜವಾನನ ಬಾಯಿಂದ ಬರುತ್ತದೆ. ಅವನು ಹನ್ನೆರಡು ಅಂದರೆ ಹನ್ನೆರಡು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಸರಪಳಿ ಎಳೆಯದ ಹೋಬಳಿ ಇಲ್ಲ. ನಾನು ಕೂಗಿದ ಅಂಕಿಯ ಮೇಲೆ ಜನ ಬೇಲಿ ಹಾಕಿದ್ದಾರೆ, ಬಾವಿ ತೋಡಿದ್ದಾರೆ, ಮನೆ ಕಟ್ಟಿದ್ದಾರೆ.

ಈಗಿನವರು ಸರಪಳಿಯನ್ನು ನೋಡಿರಲಿಕ್ಕಿಲ್ಲ. ಅದು ಮೂವತ್ತಮೂರು ಅಡಿ ಉದ್ದದ ಕಬ್ಬಿಣದ ಸರಪಳಿ, ಅದರಲ್ಲಿ ಹದಿನಾರು ಆಣೆ ಎಂದು ಭಾಗ. ಜೊತೆಗೆ ಹತ್ತು ಕಬ್ಬಿಣದ ಸೂಜಿ. ಮುಂದಿನವನು ಸರಪಳಿ ಎಳೆದು ಅದರ ತುದಿಗೆ ಒಂದು ಸೂಜಿ ಚುಚ್ಚುತ್ತಾನೆ. ಹಿಂದಿನವನು ಅಲ್ಲಿಗೆ ಬಂದು ಅದನ್ನು ಕಿತ್ತು ಕೈಯಲ್ಲಿ ಇಟ್ಟುಕೊಳ್ಳುತ್ತಾನೆ. ಹಿಂದಿನವನ ಕೈಯಲ್ಲಿ ಎಷ್ಟು ಸೂಜಿಯೋ ಅಷ್ಟು ಸರಪಳಿ ದೂರ. ಇಷ್ಟೇ ವಿದ್ಯೆ. ಆದರೆ ಬಿಸಿಲಿಗೆ ಸರಪಳಿ ಹಿಗ್ಗುತ್ತದೆ, ಕೊಂಡಿ ಸವೆದರೆ ಉದ್ದವಾಗುತ್ತದೆ, ಕೆಸರು ಸಿಕ್ಕಿದರೆ ಗಿಡ್ಡವಾಗುತ್ತದೆ. ಅದಕ್ಕೆ ಪ್ರತಿದಿನ ಬೆಳಿಗ್ಗೆ ಆಫೀಸಿನ ಮುಂದೆ ನೆಟ್ಟ ಎರಡು ಕಲ್ಲಿನ ನಡುವೆ ಎಳೆದು ನೋಡಿಯೇ ಹೊರಡಬೇಕು. ನಾನು ಒಂದು ದಿನವೂ ಅದನ್ನು ತಪ್ಪಿಸಲಿಲ್ಲ.

ನನ್ನ ಗುರು ಸರ್ವೆಯರ್ ನಂಜುಂಡಯ್ಯನವರು. ಶ್ರೀರಂಗಪಟ್ಟಣದವರು. ಬಿಳಿ ಷರಟು, ಕೈಯಲ್ಲಿ ಯಾವಾಗಲೂ ಛತ್ರಿ. ಸೇರಿದ ಹೊಸತರಲ್ಲಿ ಪಾಂಡವಪುರದ ಹತ್ತಿರ ಒಬ್ಬ ರೈತನ ಹೊಲ ಅಳೆದೆವು. ನಾನು ಹಿಂದಿನವನು. ಲಂಟಾನ ಪೊದೆಯ ಹತ್ತಿರ ಒಂದು ಸೂಜಿ ಕೀಳುವುದನ್ನು ಮರೆತುಬಿಟ್ಟೆ. ಕೈಯಲ್ಲಿ ಒಂಬತ್ತು ಇತ್ತು, ಒಂಬತ್ತು ಅಂದೆ. ರೈತನ ಹೊಲ ಒಂದು ಸರಪಳಿ ಕಮ್ಮಿಯಾಯಿತು. ಆ ಮನುಷ್ಯ ಜಗಳ ಆಡಲಿಲ್ಲ, ಬದುವಿನ ಮೇಲೆ ಕೂತು ತಲೆಯ ಮೇಲಿನ ಟವೆಲ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ನಂಜುಂಡಯ್ಯನವರು ಸೂಜಿ ಎಣಿಸಿದರು.

"ಎಲ್ಲಯ್ಯ ಹತ್ತನೇದು?"

ಹುಡುಕಿದೆ, ಸಿಕ್ಕಿತು.

"ಹೋಗಿ ಆ ಯಜಮಾನ್ರಿಗೆ ಹೇಳು. ನಾನು ಹೇಳಲ್ಲ, ನೀನೇ ಹೇಳು, ತಪ್ಪು ನಂದು ಅಂತ. ಆಮೇಲೆ ಮೊದಲಿಂದ ಎಳಿ."

ಹೋಗಿ ಹೇಳಿದೆ. ರೈತ ನನ್ನ ಮುಖ ನೋಡಿ, "ಮಜ್ಜಿಗೆ ಕುಡಿತೀಯೇನಪ್ಪ?" ಅಂದ. ಮಜ್ಜಿಗೆ ಕುಡಿದು ಇಡೀ ಹೊಲವನ್ನು ಮತ್ತೆ ಎಳೆದೆ. ಅಂದಿನಿಂದ ನನ್ನ ಎಣಿಕೆ ತಪ್ಪಿಲ್ಲ.

ಎಲ್ಲ ಮೇಲಿನವರೂ ನಂಜುಂಡಯ್ಯನವರಂತೆ ಇರಲಿಲ್ಲ. ನಾಗಮಂಗಲದಲ್ಲಿ ಒಬ್ಬರು ಜೀಪಿನಿಂದ ಇಳಿಯುತ್ತಲೇ ಇರಲಿಲ್ಲ. ಕಿಟಕಿಯಿಂದ ಕೈ ಚಾಚಿ, "ಆ ಬೇವಿನ ಮರದವರೆಗೆ ಎಷ್ಟಿರಬಹುದೋ?" ಎಂದು ಕೇಳುತ್ತಿದ್ದರು. "ಎಳೀದೆ ಹೇಳಕ್ಕಾಗಲ್ಲ ಸಾ" ಎನ್ನುತ್ತಿದ್ದೆ. "ದೊಡ್ಡ ಸತ್ಯವಂತ" ಎಂದು ಗೊಣಗುತ್ತಿದ್ದರು. ಅವರು ಹಾಗೆ ಗೊಣಗಿದಾಗ ನನಗೆ ಒಳಗೊಳಗೇ ಖುಷಿ. ಆ ಮಾತು ಆಫೀಸಿನಲ್ಲಿ ಹಬ್ಬಿತು. ನನ್ನನ್ನು ಅಳತೆ ಚಿಕ್ಕಯ್ಯ ಎಂದೇ ಕರೆಯತೊಡಗಿದರು.

ಇನ್ನು ಅಣ್ಣನ ವಿಷಯ. ನಮ್ಮೂರು ಸಿಂಧಘಟ್ಟದಿಂದ ಆಚೆಗಿರುವ ಚಿಕ್ಕ ಊರು. ನಮ್ಮಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಎಂದು ಸರದಿ ನಡೆಸುವುದು ನೀರುಗಂಟಿಯ ಕೆಲಸ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನಾರು, ನನಗೆ ಹತ್ತು. ಅಂದಿನಿಂದ ಅಣ್ಣನೇ ನೀರುಗಂಟಿ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನೆರಳು ನೋಡಿ ಹೊತ್ತು ಹೇಳುತ್ತಿದ್ದ. ಎರಡು ಮನೆಯವರು ಗುದ್ದಲಿ ಎತ್ತಿಕೊಂಡು ನಿಂತಿದ್ದರೂ ಅವನು ಬಂದು, "ಇವತ್ತು ಇವರದು, ನಾಳೆ ನಿಂದು, ಓಗ್ಲಾ ಮನೆಗೆ" ಅಂದರೆ ಮುಗಿಯಿತು. ಸುಗ್ಗಿಯಲ್ಲಿ ಪ್ರತಿ ಕಣದಲ್ಲೂ ಅವನಿಗೆ ಒಂದು ಹೊರೆ ಎತ್ತಿಟ್ಟಿರುತ್ತಿದ್ದರು. ಆ ಹೊರೆಗಳ ಭತ್ತ ತಿಂದೇ ನಾನು ಬೆಳೆದದ್ದು. ನನಗೆ ಸರ್ವೆ ಆಫೀಸಿನಲ್ಲಿ ದಿನಗೂಲಿ ಕೆಲಸ ಕೊಡಿಸಿದವನೂ ಅವನೇ. ನಂಜುಂಡಯ್ಯನವರು ಊರಿಗೆ ಅಳತೆಗೆ ಬಂದಾಗ ಕೈ ಮುಗಿದು ನಿಂತು ಕೇಳಿದ್ದ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ನಾಟಿ ಮುಗಿಯುತ್ತಿದ್ದ ಕಾಲ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಹಗಲು ಹನ್ನೊಂದರ ಹೊತ್ತಿಗೆ ಶೀಳನೆರೆ ಕಡೆಯ ಕಬ್ಬಿನ ಗದ್ದೆಗೆ ಒಂದು ಚಿಕ್ಕ ವಿಮಾನ ಬಿದ್ದಿತು. ಯಾರೋ ಖಾಸಗಿಯವರದು. ಒಳಗಿದ್ದದ್ದು ವಿಮಾನ ನಡೆಸುವವನು ಒಬ್ಬನೇ. ಅವನು ಅಲ್ಲಿಯೇ ಸತ್ತ. ಏಕೆ ಬಿತ್ತು ಎಂದು ಯಾರಿಗೂ ತಿಳಿಯಲಿಲ್ಲ. ಮಳೆಯಿಲ್ಲ, ಗಾಳಿಯಿಲ್ಲ, ಎಣ್ಣೆ ಮುಗಿದಿರಲಿಲ್ಲ. ಜನ ಬಾಯಿಗೆ ಬಂದದ್ದು ಹೇಳಿದರು. ಕುಡಿದಿದ್ದ ಅಂದರು, ನಿದ್ದೆ ಮಾಡಿದ್ದ ಅಂದರು. ಒಬ್ಬಾಕೆ, "ಗದ್ದೇಲಿ ನಾಟಿ ಮಾಡೋ ಎಂಗಸ್ರ ನೋಡಕ್ಕೆ ಕೆಳಗೆ ಬಂದವ್ನೆ" ಅಂದಳು. ಉಳಿದವರು ನಕ್ಕರು.

ತನಿಖೆಗೆ ವಿಮಾನ ಇಲಾಖೆಯಿಂದ ಬಂದವರು ಕುಲಕರ್ಣಿ ಸಾಹೇಬರು. ಧಾರವಾಡ ಕಡೆಯವರು, ತೆಳ್ಳಗೆ, ಕಿವಿಯ ಮೇಲೆ ಪೆನ್ಸಿಲ್ಲು. ವಿಮಾನದ ಚೂರುಗಳು ಕಬ್ಬಿನಲ್ಲಿ ಚೆಲ್ಲಾಡಿದ್ದವು. ಯಾವ ಚೂರು ಎಲ್ಲಿ ಬಿದ್ದಿದೆ ಎಂದು ನಕ್ಷೆಯಾಗದೆ ಒಂದನ್ನೂ ಎತ್ತಬಾರದು ಎಂದು ಅವರು ಹಟ ಹಿಡಿದರು. ಹಾಗಾಗಿ ತಾಲ್ಲೂಕು ಸರ್ವೆಯವರನ್ನು ಕರೆಸಿದರು. ನಂಜುಂಡಯ್ಯನವರು, ನಾನು, ನಮ್ಮ ಸರಪಳಿ.

"ವಿಮಾನ ಮಾತಾಡೂದಿಲ್ಲರೀ, ಸತ್ತಾವ ಮಾತಾಡೂದಿಲ್ಲ" ಅಂದರು ಕುಲಕರ್ಣಿಯವರು. "ಚೂರು ಎಲ್ಲಿ ಬಿದ್ದಾವ ಅನ್ನೂದಷ್ಟ ನಮ್ಮ ಕೈಯಾಗ ಉಳದದ. ಮೊದಲ ಬಿದ್ದದ್ದು ಯಾವುದು, ಕಡೀಕ ಬಿದ್ದದ್ದು ಯಾವುದು, ಅದು ನಿಮ್ಮ ಸರಪಳಿ ಹೇಳಬೇಕು."

ಅವರು ನನಗೆ ಕುರ್ಚಿ ಹಾಕಿ ಹೇಳಿದ ಮಾತು ಇದು. ನನ್ನ ಕೆಲಸಕ್ಕೆ ಇಷ್ಟು ಬೆಲೆ ಇದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ.

ಎರಡು ದಿನ ಕಬ್ಬಿನ ಸಾಲಿನಲ್ಲಿ ನುಗ್ಗಿ ಅಳೆದೆವು. ಗರಿಗೆ ಕೈಕಾಲು ಸೀಳಿ ಉರಿಯುತ್ತಿತ್ತು. ಪ್ರತಿ ಚೂರಿಗೂ ಒಂದು ಕೆಂಪು ಬಾವುಟ, ಒಂದು ನಂಬರು. ರೆಕ್ಕೆ, ಚಕ್ರ, ಗಾಜು, ಒಂದು ಬೂಟು. ಬೂಟಿಗೂ ಅಳತೆ ತೆಗೆದೆವು. ಬಾಲದ ಅಂಚಿನಲ್ಲಿ ಒಂದು ಕಡೆ ಒಳಕ್ಕೆ ತಗ್ಗಾಗಿ ಹರಿದಿತ್ತು. ಕುಲಕರ್ಣಿಯವರು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎದ್ದೇಳಲೇ ಇಲ್ಲ.

"ನೆಲಕ್ಕ ಬಡದು ಹಿಂಗ ಆಗೂದಿಲ್ಲ. ಏನೋ ಬಂದು ಬಡದದ. ಏನು?"

ವಿಮಾನದ ಮೂಗಿನ ಹತ್ತಿರ ಸಾಮಾನು ಇಡುವ ಚಿಕ್ಕ ಪೆಟ್ಟಿಗೆಯಂಥ ಜಾಗವಿತ್ತು. ಅದರ ಬಾಗಿಲು ಮಾತ್ರ ಸಿಕ್ಕಿರಲಿಲ್ಲ. ಅದನ್ನು ಹುಡುಕಿ ಎಂದು ಎಲ್ಲರಿಗೂ ಹೇಳಿದರು. ಪೊಲೀಸರು ಸುತ್ತಲ ಹಳ್ಳಿಗಳಲ್ಲಿ ತಮಟೆ ಹೊಡೆಸಿದರು. ವಿಮಾನದ ಚೂರು ಯಾರಾದರೂ ಮನೆಯಲ್ಲಿ ಇಟ್ಟುಕೊಂಡಿದ್ದರೆ ತಂದು ಒಪ್ಪಿಸಬೇಕು, ಬಚ್ಚಿಟ್ಟವರು ಜೈಲಿಗೆ.

ಎರಡನೇ ದಿನ ಸಂಜೆ ಸೈಕಲ್ಲಿನಲ್ಲಿ ಊರಿಗೆ ಹೋದೆ. ಕೆರೆಯ ಕೆಳಗೆ ದೊಡ್ಡ ಕಾಲುವೆ ಎರಡಾಗಿ ಒಡೆಯುವ ಕಡೆ ಒಂದು ಮಡವೆ ಇದೆ. ಒಂದು ಕಡೆ ಹಲಗೆ ಇಳಿಸಿದರೆ ನೀರು ಇನ್ನೊಂದು ಕಡೆ ಹೋಗುತ್ತದೆ. ಹಳೆಯ ಹಲಗೆ ಕೊಳೆತು ಎರಡು ವರ್ಷವಾಗಿತ್ತು. ಅಣ್ಣ ಮಣ್ಣು, ಹುಲ್ಲು, ಹಳೇ ಚೀಲ ತುರುಕಿ ಸಾಕಾಗಿದ್ದ. ಅವತ್ತು ನೋಡಿದರೆ ಅಲ್ಲಿ ಬಿಳಿ ತಗಡು ಹೊಳೆಯುತ್ತಿತ್ತು. ಸೈಕಲ್ಲಿನಿಂದ ಇಳಿದೆ.

ಅಣ್ಣ ನೀರಿನಲ್ಲಿ ನಿಂತು ನಗುತ್ತಿದ್ದ. "ನೋಡ್ಲಾ ಚಿಕ್ಕ. ಸುತ್ತ ರಬ್ಬರ್ ಪಟ್ಟಿ ಐತೆ. ಒಂದು ತೊಟ್ಟು ಸೋರಕಿಲ್ಲ. ಅಳತೆ ತಗಂಡು ಮಾಡ್ಸಿದಂಗೆ ಕೂತದೆ."

"ಅಣ್ಣೋ, ಇದು ಎಲ್ಲಿ ಸಿಕ್ತು?"

"ಇಲ್ಲೇ, ಬದುವಿನ ಪಕ್ಕ. ಮೊನ್ನೆ ಧೊಪ್ಪಂತ ಬಿತ್ತು ಮ್ಯಾಲಿಂದ. ಆಮ್ಯಾಕೆ ಒಸಿ ಒತ್ತಿಗೆ ಅತ್ಲಾಗೆ ಸಬ್ದ ಬಂತು."

"ತಮಟೆ ಹೊಡೆದಿದ್ದು ಕೇಳಿಸ್ಲಿಲ್ವ?"

ಅಣ್ಣನ ನಗು ಹೋಯಿತು. "ಕೇಳಿಸ್ತು. ಅಷ್ಟೊತ್ತಿಗೆ ಇಕ್ಕಿ ಆಗಿತ್ತು. ಈಗ ತಕೊಂಡೋದ್ರೆ ಯಾಕಪ್ಪ ಎರಡು ದಿನ ಇಟ್ಕಂಡಿದ್ದೆ ಅಂತಾರೆ. ಏನ್ ಮಾಡನ ಏಳು. ನೀನು ಅಂಗೇ ಸಾಹೇಬ್ರಿಗೆ ಏಳ್ಬುಡು, ನಮ್ಮಣ್ಣನಿಗೆ ಗೊತ್ತಾಗ್ಲಿಲ್ಲ ಅಂತ."

ಇದನ್ನು ಗಮನಿಸಿ ಓದಿ. ಅಣ್ಣ ಹೇಳಿಬಿಡು ಅಂದ. ಬಚ್ಚಿಡು ಅನ್ನಲಿಲ್ಲ.

ಬಚ್ಚಿಡುವ ಯೋಚನೆ ನನ್ನದು. ಆ ತಿಂಗಳು ನನ್ನ ಕೆಲಸ ಖಾಯಂ ಆಗುವ ಕಾಗದ ಮೇಲಿನ ಆಫೀಸಿಗೆ ಹೋಗಿತ್ತು. ಬಾಂದು ಜವಾನನ ಅಣ್ಣ ವಿಮಾನದ ಚೂರು ಕದ್ದ ಎಂದು ಒಂದು ಸಾಲು ಬಂದರೆ ಏಳು ವರ್ಷದ ದಿನಗೂಲಿ ನೀರಿಗೆ ಹೋದಂತೆ ಎಂದು ಹೆದರಿದೆ. ಅಣ್ಣನನ್ನು ಉಳಿಸುವುದಕ್ಕೆ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಉಳಿಸಿಕೊಂಡದ್ದು ನನ್ನನ್ನು.

"ನೀನು ಸುಮ್ನಿರಣ್ಣ, ನಾನು ನೋಡ್ಕೊತೀನಿ" ಅಂದೆ. ಬೆಳಿಗ್ಗೆ ಆ ಬಾಗಿಲನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ ಕ್ಯಾರಿಯರ್‌ಗೆ ಕಟ್ಟಿದೆ. ಬೇರೆಯವರು ಬರುವ ಮೊದಲೇ ಕಬ್ಬಿನ ಗದ್ದೆಗೆ ಹೋಗಿ ರೆಕ್ಕೆ ಬಿದ್ದಿದ್ದ ಕಡೆಯ ಸಾಲಿನಲ್ಲಿ ಹಾಕಿದೆ. ಗಂಟೆ ಎಂಟಕ್ಕೆ ನಾನೇ ಅದನ್ನು "ಹುಡುಕಿದೆ." ಬಾವುಟ ನೆಟ್ಟೆ. ಸರಪಳಿ ಎಳೆದೆ.

"ನಾಲ್ಕು ಸರಪಳಿ, ಆರು ಆಣೆ" ಎಂದು ಕೂಗಿದೆ.

ನಂಜುಂಡಯ್ಯನವರು ಬರೆದುಕೊಂಡರು. ನನ್ನ ಮುಖ ನೋಡಲಿಲ್ಲ. ನಾನು ಹೇಳಿದ ಅಂಕಿಯನ್ನು ಅವರು ಎರಡನೇ ಸಲ ಕೇಳುವ ಪದ್ಧತಿ ಇರಲಿಲ್ಲ. ದೂರ ಸರಿಯಾಗಿತ್ತು. ಒಂದು ಆಣೆಯೂ ಹೆಚ್ಚು ಕಮ್ಮಿಯಿಲ್ಲ. ಆದರೆ ಇಡೀ ಅಳತೆ ಸುಳ್ಳು.

ಬಾಗಿಲು ಸಿಕ್ಕಿತು ಎಂದು ಕುಲಕರ್ಣಿಯವರಿಗೆ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ. ನಕ್ಷೆಯ ಮೇಲೆ ಆ ನಂಬರನ್ನು ನೋಡಿ ಸಪ್ಪಗಾದರು.

"ಇಲ್ಲೇ ಸಿಕ್ತಂದ್ರ ಬಿದ್ದ ಮ್ಯಾಲ ಕಿತ್ತದ. ಅಂದ್ರ ಬಾಲಕ್ಕ ಬಡದದ್ದು ಇದಲ್ಲ" ಎಂದು ನಂಜುಂಡಯ್ಯನವರಿಗೆ ಹೇಳಿದರು. "ಮತ್ತೇನೂ ಕಾರಣ ಸಿಗಲಿಲ್ಲಂದ್ರ ನಡಸಾವನ ತಪ್ಪು ಅಂತ ಬರೀಬೇಕಾಗ್ತದ ನೋಡ್ರಿ. ಅವನ ತಂದಿ ದಿನಾ ಫೋನ್ ಮಾಡ್ತಾರ. ನನ್ನ ಮಗ ತಪ್ಪು ಮಾಡಿದನೇನ್ರೀ ಅಂತ ಒಂದ ಮಾತು ಕೇಳ್ತಾರ."

ನಾನು ಪಕ್ಕದಲ್ಲಿ ನಿಂತು ಸರಪಳಿಯ ಕೆಸರು ಒರೆಸುತ್ತಿದ್ದೆ. ಸತ್ತವನಿಗೂ ಒಬ್ಬ ಅಪ್ಪ ಇದ್ದಾನೆ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ಮಧ್ಯಾಹ್ನ ಅವರು ಆ ಬಾಗಿಲನ್ನು ಮರದ ನೆರಳಿಗೆ ತರಿಸಿ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಚಿಮಟದಿಂದ ರಬ್ಬರ್ ಪಟ್ಟಿಯ ಸಂದಿಯಲ್ಲಿ ಏನನ್ನೋ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ನನ್ನನ್ನು ಕರೆದರು.

"ಚಿಕ್ಕಯ್ಯ, ನೀವು ಈ ಕಡೆ ಮಣ್ಣು ಬಲ್ಲವರು. ಈ ಗದ್ದಿ ಮಣ್ಣು ಕೆಂಪು. ಇದೇನು ಕರೀದು, ನುಣ್ಣಗ?"

ನೋಡಿದೆ. ಕೆರೆಯ ಗೋಡು ಮಣ್ಣು. ಅದರ ಜೊತೆಗೆ ಸಾಸಿವೆಯಷ್ಟು ಗಾತ್ರದ ಒಂದು ಬಸವನ ಹುಳು, ಇನ್ನೂ ಜೀವಂತ, ಕೊಂಬು ಚಾಚಿ ಅವರ ಅಂಗೈ ಮೇಲೆ ತೆವಳುತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅವರು ನನ್ನ ಅಳತೆಯನ್ನು ನಂಬಿ ಆ ತಂದೆಗೆ ಕೊಡುವ ಉತ್ತರವನ್ನು ಬರೆಯಲು ಹೊರಟಿದ್ದರು.

"ಇದು ಇಲ್ಲಿ ಬಿದ್ದದ್ದಲ್ಲ ಸಾ" ಅಂದೆ. "ನಮ್ಮೂರ ಕಾಲುವೆ ಹತ್ರ ಬಿದ್ದಿತ್ತು. ಮಡವೇಲಿತ್ತು. ವಿಮಾನ ಬೀಳೋಕೆ ಮುಂಚೆ ಬಿತ್ತಂತೆ."

ನಂಜುಂಡಯ್ಯನವರು ಛತ್ರಿ ಮಡಚಿದರು.

ಜೀಪು ನಮ್ಮೂರಿಗೆ ಹೋಯಿತು. ಜೊತೆಗೆ ಒಬ್ಬ ಪೊಲೀಸ್ ಅಧಿಕಾರಿ. ಊರೆಲ್ಲ ಕಾಲುವೆಯ ಏರಿ ಮೇಲೆ ಸೇರಿತು. ಅಣ್ಣ ಎಲ್ಲವನ್ನೂ ಹೇಳಿದ. ಎಲ್ಲಿ ಬಿತ್ತು, ಯಾವ ಮಗ್ಗುಲಾಗಿ ಬಿತ್ತು, ಬಿದ್ದಾಗ ನೆರಳು ಎಲ್ಲಿತ್ತು. ಕುಲಕರ್ಣಿಯವರು ಬರೆದುಕೊಳ್ಳುತ್ತಲೇ ಇದ್ದರು. ಅವರ ಮುಖ ಬೆಳಗಿತ್ತು. ಆಗ ಪೊಲೀಸ್ ಅಧಿಕಾರಿ ಕೇಳಿದ.

"ಇದೆಲ್ಲ ಸರಿ. ಇಲ್ಲಿದ್ದದ್ದು ಕಬ್ಬಿನ ಗದ್ದೆಗೆ ಹೆಂಗೆ ಹೋಯ್ತು? ಯಾರು ತಗೊಂಡೋಗಿ ಹಾಕಿದ್ದು?"

ಅದನ್ನು ಹೇಳುವುದಕ್ಕೆಂದು ನಾನು ಬಾಯಿ ತೆರೆದದ್ದು ನಿಜ. ತೆರೆದ ಬಾಯಿ ಹಾಗೆಯೇ ಇತ್ತು. ಅಣ್ಣ ನನ್ನ ಕಡೆ ನೋಡಿದ. ಒಂದು ಗಳಿಗೆ, ಅಷ್ಟೆ.

"ನಾನೇ ಬುದ್ಧಿ" ಅಂದ. "ತಮಟೆ ಒಡೆದ್ರಲ್ಲ, ಎದರ್ಕೊಂಡು ತಲೆ ಮ್ಯಾಲೆ ಒತ್ಕೊಂಡೋಗಿ ಎಸದ್ಬುಟ್ಟು ಬಂದೆ."

ಕುಲಕರ್ಣಿಯವರು ಬೇಡ ಬಿಡ್ರಿ ಅಂದರೂ ಹೇಳಿಕೆಗೆಂದು ಅಣ್ಣನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಮಾರನೆಯ ದಿನ ಬಿಟ್ಟು ಕಳಿಸಿದರು. ಯಾರೂ ಕೈ ಮಾಡಲಿಲ್ಲ, ಕೇಸೂ ಆಗಲಿಲ್ಲ. ಆದರೆ ಅವನು ಜೀಪು ಹತ್ತಿದ್ದನ್ನು ಊರು ನೋಡಿತ್ತು.

ಆ ಮಾರನೆಯ ದಿನವೇ ನಾನು ನನ್ನ ಜೀವನದ ದೊಡ್ಡ ಕೆಲಸ ಮಾಡುತ್ತಿದ್ದೆ. ಅದನ್ನು ಬರೆಯುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ, ತಲೆ ತಗ್ಗುತ್ತದೆ. ಎರಡೂ ನಿಜ. ಬಾಗಿಲು ಬಿದ್ದ ಬದುವಿನಿಂದ ವಿಮಾನ ಬಿದ್ದ ಗದ್ದೆಯವರೆಗೆ ನೇರ ಗೆರೆ ಹಿಡಿದು ಅಳೆಯಬೇಕು ಎಂದರು ಕುಲಕರ್ಣಿಯವರು. ನಡುವೆ ಏರಿ, ತೆಂಗಿನ ತೋಟ, ಹಳ್ಳ, ಕಳ್ಳಿ ಬೇಲಿ, ರಾಗಿ ಹೊಲ. ಬಾವುಟದ ಹಿಂದೆ ಬಾವುಟ ನೆಟ್ಟು, ಒಂದು ಕಣ್ಣು ಮುಚ್ಚಿ ಗೆರೆ ನೋಡಿ, ಬೆಳಿಗ್ಗೆ ಶುರು ಮಾಡಿದ್ದು ಸಂಜೆಗೆ ಮುಟ್ಟಿಸಿದೆವು. ಇನ್ನೂರ ಹನ್ನೊಂದು ಸರಪಳಿ, ಮೂರು ಆಣೆ. ಸೂಜಿ ಕೀಳುತ್ತ ಕೀಳುತ್ತ ಬೆರಳಿನ ಚರ್ಮ ಎದ್ದಿತ್ತು.

ಮರುದಿನ ಆ ಗೆರೆಯ ಎರಡೂ ಮಗ್ಗುಲಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಹುಡುಕಿಸಿದರು. ರಾಗಿ ಹೊಲದಲ್ಲಿ ಬಾಲದ ಅಂಚಿನ ಒಂದು ಗೇಣುದ್ದದ ತಗಡು ಸಿಕ್ಕಿತು. ಹಳ್ಳದ ಹೊಂಗೆ ಮರದ ಕೊಂಬೆಯಲ್ಲಿ ಇನ್ನೊಂದು. ಗೆರೆ ಹಿಡಿಯದಿದ್ದರೆ ಅವು ಇವತ್ತಿಗೂ ಸಿಗುತ್ತಿರಲಿಲ್ಲ. ಕುಲಕರ್ಣಿಯವರು ಆ ಚೂರನ್ನು ಬಾಲದ ಹರಿದ ಜಾಗಕ್ಕೆ ಹಿಡಿದರು. ಕೂತಿತು. ಬಾಗಿಲಿನ ಮೂಲೆಯನ್ನು ತಗ್ಗಿಗೆ ಹಿಡಿದರು. ಅದೂ ಕೂತಿತು.

"ಬಾಗಲದ ಕೊಂಡಿ ಸವದಿತ್ರಿ" ಅಂದರು. "ಮ್ಯಾಲ ಹಾರೂವಾಗ ತೆರಕೊಂಡು ಕಿತ್ತು ಹೋಗಿ ಬಾಲಕ್ಕ ಬಡದದ. ಬಾಲ ಮುರದ ವಿಮಾನ ಆತನ ಮಾತು ಕೇಳಲಿಲ್ಲ. ಆದರೂ ಊರು ತಪ್ಪಿಸಿ ಗದ್ದಿಗೆ ತಂದಾನ. ಆತನ ತಪ್ಪು ಏನೂ ಇಲ್ಲ."

ಅವತ್ತೇ ಶೀಳನೆರೆಯ ಅಂಚೆ ಕಚೇರಿಯಿಂದ ಆ ತಂದೆಗೆ ಫೋನ್ ಮಾಡಿದರು. ನಾನು ಹೊರಗೆ ಸರಪಳಿ ಮಡಚುತ್ತಿದ್ದೆ. ಅವರು ಹೊರಗೆ ಬಂದು ನನ್ನ ಎರಡು ಕೈ ಹಿಡಿದು ಅಲುಗಿಸಿದರು. ಹೊಸ ಹುಡುಗರೇ, ನಿಮ್ಮ ಕೆಲಸ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ಇದನ್ನು ಹೇಳಿ.

ಆದರೆ ಊರಿನಲ್ಲಿ ಬೇರೆ ಲೆಕ್ಕ ನಡೆದಿತ್ತು. ಮುಂದಿನ ನೀರಿನ ಸರದಿಗೆ ಜನ ಸೇರಿದಾಗ ಒಬ್ಬ ಎದ್ದು ನಿಂತು, "ಇಮಾನಾನೇ ಬಚ್ಚಿಟ್ಟವ್ನು, ನೀರು ಬಚ್ಚಿಡಕಿಲ್ವ?" ಅಂದನಂತೆ. ಜನ ನಕ್ಕರಂತೆ. ತಮಾಷೆಗೆ ಶುರುವಾದ ಮಾತು ಗಟ್ಟಿಯಾಯಿತು. ಆ ವರ್ಷದ ಸುಗ್ಗಿ ಮುಗಿಯುವುದರೊಳಗೆ ತೂಬಿನ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಅಣ್ಣ ತೂಬು ಎತ್ತುವ ಹಾರೆಯನ್ನು ತೊಳೆದು, ಅವರ ಮನೆಯ ಜಗಲಿಯಲ್ಲಿ ಇಟ್ಟು ಬಂದ. ಆಮೇಲೆ ಕೂಲಿಗೆ ಹೋದ. ನಾನು ಅದೇ ತಿಂಗಳು ಖಾಯಂ ಆದೆ.

ಹೇಳಲು ಸಮಯ ಸಿಗಲಿಲ್ಲ ಎನ್ನಲಾರೆ. ಸಿಕ್ಕಿತು, ಬೇಕಾದಷ್ಟು. ಒಂದು ಸಲ ಅಣ್ಣನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ನನ್ನ ಎದುರಿಗೇ ಪಕ್ಕದ ಮನೆಯವರನ್ನು, "ಇಮಾನ ಕಳ್ಳನ ಮನೆ ಇದೇನಾ?" ಎಂದು ಕೇಳಿದರು. ನಾನು ಒಳಗೆ ಹೋಗಿ ಚಾಪೆ ಹಾಸಿದೆ. ನಂಜುಂಡಯ್ಯನವರು ನಿವೃತ್ತರಾಗುವ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಆ ನಾಲ್ಕು ಸರಪಳಿ ಆರು ಆಣೆ ನಾನು ಪುಸ್ತಕದಲ್ಲಿ ಹೊಡೆದು ಹಾಕಲಿಲ್ಲ ಕಣಯ್ಯ, ಹಂಗೇ ಬಿಟ್ಟಿದ್ದೀನಿ" ಅಂದರು. ಅವರಿಗೆ ಎಲ್ಲ ಗೊತ್ತಿತ್ತು. ನಾನೇ ಹೇಳಲಿ ಎಂದು ಬಿಟ್ಟಿದ್ದರು.

ಕಾಲ ಬದಲಾಯಿತು. ಸರಪಳಿ ಹೋಗಿ ಟೇಪು ಬಂತು. ಟೇಪು ಹೋಗಿ ಮೂರು ಕಾಲಿನ ಮೆಷೀನು ಬಂತು. ಆ ತುದಿಯಲ್ಲಿ ಹಿಡಿದ ಗಾಜಿನ ಕಡೆ ತಿರುಗಿಸಿದರೆ ದೂರ ತಾನೇ ಬರುತ್ತದೆ. ನನ್ನ ಕೊನೆಯ ವರ್ಷಗಳಲ್ಲಿ ಕೆರೆ ಒತ್ತುವರಿ ಅಳೆಯಲು ಹೊಸ ಹುಡುಗರು ನಮ್ಮೂರಿಗೆ ಬಂದರು. ತಮಾಷೆಗೆ ನಾನು, ಬಾಗಿಲು ಬಿದ್ದ ಬದುವಿನಿಂದ ಅಂದು ಗೆರೆ ಮುಗಿಸಿದ ಕಬ್ಬಿನ ಗದ್ದೆಯ ಗಡಿಕಲ್ಲಿನವರೆಗೆ ಎಷ್ಟು ನೋಡಿ ಎಂದೆ. ಮೂರು ಕಡೆ ಮೆಷೀನು ನಿಲ್ಲಿಸಿ ಲೆಕ್ಕ ಹಾಕಿದರು. ನನ್ನ ಸರಪಳಿಗೂ ಅವರ ಮೆಷೀನಿಗೂ ಒಂದು ಮೊಳದಷ್ಟು ವ್ಯತ್ಯಾಸ. "ಏನ್ ಅಜ್ಜ, ಕೈಯಲ್ಲಿ ಎಳೆದಿದ್ದ?" ಎಂದು ಕಣ್ಣರಳಿಸಿದರು. ಆ ಸಂತೋಷವನ್ನು ಹೇಳಿಕೊಳ್ಳಲು ನನಗೆ ಮೊದಲು ನೆನಪಾದವನು ಅಣ್ಣ. ಅವನ ಮನೆಯವರೆಗೆ ಹೋಗಿ ವಾಪಸ್ಸು ಬಂದೆ.

ಇಷ್ಟನ್ನು ಬರೆದ ಮೇಲೆ ಮೊದಲು ಅವನಿಗೆ ಓದಬೇಕು ಅನಿಸಿತು. ಹೋದೆ. ಅವನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಓದಲು ಶುರು ಮಾಡಿದೆ. ಕಬ್ಬಿನ ಗದ್ದೆಗೆ ಬರುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದ.

"ನಂಗ್ಯಾಕ್ಲಾ ಓದಿಯೆ? ನಂಗೆ ಗೊತ್ತಿಲ್ಲದ್ದು ಏನೈತೆ ಇದ್ರಲ್ಲಿ?"

"ನೀನು ಯಾಕಣ್ಣ ಅವತ್ತು ಒಪ್ಕೊಂಡೆ?"

ಅಣ್ಣ ಹಗ್ಗ ಹೊಸೆಯುತ್ತಲೇ ಹೇಳಿದ. "ಪೋಲೀಸ್ನೋರ ಮುಂದೆ ನಿಂಗೆ ಬಾಯಿ ಬರ್ನಿಲ್ಲ. ನಾಳೆ ಏಳ್ತಾನೆ ಬುಡು ಅನ್ಕಂಡೆ. ನಾಳೆ ಕಾದೆ. ನಿನ್ನ ಆರ್ಡರು ಬರ್ಲಿ, ಆಮ್ಯಾಕೆ ಏಳ್ತಾನೆ ಅಂತ ಅದ್ಕೂ ಕಾದೆ. ಮಗಳ ಮದುವೆವರ್ಗೂ ಕಾದೆ ಕಣ್ಲಾ. ಆಮ್ಯಾಕೆ ಕಾಯೋದ ಬುಟ್ಬುಟ್ಟೆ."

ಸಿಟ್ಟಿನಿಂದ ಹೇಳಲಿಲ್ಲ. ನೀರಿನ ಸರದಿ ಹೇಳುವ ದನಿಯಲ್ಲಿ ಹೇಳಿದ.

"ಸೋಮವಾರ ನೀರಿನ ಮೀಟಿಂಗ್ ಐತೆ" ಅಂದ. "ಓದಂಗಿದ್ರೆ ಅಲ್ಲಿ ಓದು."

ಕಳೆದ ಸೋಮವಾರ ಕೆರೆ ಏರಿಯ ಮೇಲೆ, ನೀರು ಬಿಡುವ ದಿನ ನಿಗದಿ ಮಾಡಲು ಊರಿನವರು ಸೇರಿದ್ದರು. ಅಣ್ಣ ಹಿಂದುಗಡೆ ಕಲ್ಲಿನ ಮೇಲೆ ಕೂತಿದ್ದ. ನಾನು ಎದ್ದು ನಿಂತು, ಮೇಲೆ ಬರೆದದ್ದನ್ನೆಲ್ಲ ಮೊದಲಿನಿಂದ ಓದಿದೆ. ಸೈಕಲ್ಲು, ಗೋಣಿಚೀಲ, ನಾಲ್ಕು ಸರಪಳಿ ಆರು ಆಣೆ, ಖಾಯಂ ಆದ ಕಾಗದ, ಯಾವುದನ್ನೂ ಬಿಡಲಿಲ್ಲ.

ಓದಿ ಮುಗಿಸಿದ ಮೇಲೆ ಊರಿನ ಹಿರಿಯರೊಬ್ಬರು ಹಿಂದಕ್ಕೆ ತಿರುಗಿದರು. "ಬೋರಣ್ಣ, ನಿನ್ ತಮ್ಮ ಓದಿದ್ದು ದಿಟವೇನಪ್ಪ?"

ಅಣ್ಣ ಕಲ್ಲಿನ ಮೇಲಿಂದ ಏಳಲಿಲ್ಲ. "ಅಳತೆಯವನು ಅವನು" ಅಂದ. "ಅವನ್ನೇ ಕೇಳಿ."

ಹಿರಿಯರು ನನ್ನ ಕಡೆ ತಿರುಗಿ ಕೇಳಿದರು. ದಿಟ ಎಂದೆ.